ಹೊಸ್ತಿಲಿನ ಲೆಕ್ಕ

ಅಮ್ಮನ ಸೊಂಟ ಬಗ್ಗದಾದ ಮೇಲೆ, ಗುಡಿಸಿ ಒರೆಸುವ ಯಂತ್ರ ನೋಡಲು ಕಾಸರಗೋಡು ಪೇಟೆಗೆ ಹೋದೆ. ಅಗ್ಗದ್ದು ಗೋಡೆಗೆ ಢಿಕ್ಕಿ ಹೊಡೆದೇ ದಾರಿ ಹುಡುಕುವ ಜಾತಿ. ಜಮಖಾನದ ಮೇಲೂ ಒದ್ದೆ ಬಟ್ಟೆ ಎಳೆಯಿತು. ಇನ್ನೊಂದು ಲೇಸರಿನಿಂದ ಕೋಣೆಯ ನಕ್ಷೆ ಬರೆದುಕೊಂಡು, ಜಮಖಾನ ಸಿಕ್ಕೊಡನೆ ಬಟ್ಟೆಯನ್ನೆತ್ತಿತು. ಅಂಗಡಿಯವನದು ಹೀರುವ ಬಲದ ಪಾಸ್ಕಲ್ ಲೆಕ್ಕ; ನನ್ನದು ಹೊಸ್ತಿಲಿನ ಲೆಕ್ಕ. ಎರಡೂ 2 ಸೆಂಟಿಮೀಟರಿಗಿಂತ ಎತ್ತರ ಹತ್ತವು. ನಮ್ಮ ಚಾವಡಿಯ ಹೊಸ್ತಿಲು 10!

“ಹೊಸ್ತಿಲು ಕೀಳಿಸುತ್ತೀಯೇನು?” ಅಮ್ಮ ಕೇಳಿದಳು. ಕುಳಿತಾದರೂ ಅವಳು ದಿನಾ ರಂಗೋಲಿ ಎಳೆಯುವುದು ಅದರ ಮೇಲೆ. ಕೀಳಿಸಲಿಲ್ಲ. ಸಮನೆಲದ ಹೊಸ ಕೋಣೆಗಳೆರಡಕ್ಕೆ ಲೇಸರಿನದ್ದು ಬಂತು. ಅದು ಮಾತಾಡುವುದು ಇಂಗ್ಲಿಷು. ಅಮ್ಮ ಅದಕ್ಕೆ ಬಯ್ಯುವುದು ಕನ್ನಡದಲ್ಲಿ, ತೀರಾ ಸಿಟ್ಟು ಬಂದರೆ ಮಲಯಾಳದಲ್ಲಿ. ಚಾವಡಿಗೆ ಹಿಡಿಸೂಡಿ ಹಿಡಿಯುವವನು ಈಗ ನಾನು.