ಹುತ್ತರಿ ಕಾರ್ಡಲ್ಲಿ ಏನು ಬರೆಯೋದು?

ಅಕ್ಕನ ಮಗಳು ನರ್ಸ್ ಕೆಲಸಕ್ಕೆ ಡಬ್ಲಿನ್‌ಗೆ ಹೋದ ಮೇಲೆ ನಾಪೋಕ್ಲಿನ ನಮ್ಮ ಮನೆಗೂ ಐರ್ಲೆಂಡಿನ ಹಬ್ಬದ ಕಾರ್ಡ್ ಬರ್ತದೆ. ಮಾರ್ಚ್ 17 ಅವರಿಗೆ ಸಂತ ಪ್ಯಾಟ್ರಿಕ್ ಹಬ್ಬ. ಕಾರ್ಡಿನ ಮೇಲೆ ಮೂರೆಲೆಯ ಹಸಿರು ಸೊಪ್ಪಿನ ಚಿತ್ರ, ಶ್ಯಾಮ್‌ರಾಕ್ ಅಂತ ಹೆಸರು. ನೋಡ್ಲಿಕ್ಕೆ ನಮ್ಮ ಅಂಗಳದ ಬದಿಯ ಹುಳಿಸೊಪ್ಪಿನ ಹಾಗೇ ಉಂಟು.

ಹಿಂದೆ ಅಮೆರಿಕಕ್ಕೆ ದುಡಿಯಲಿಕ್ಕೆ ಹೋದ ಮಕ್ಕಳಿಗೆ ಅಲ್ಲಿನ ಮನೆಯವರು ಆ ಸೊಪ್ಪಿನ ಕುಡಿಯನ್ನೇ ಕಾಗದದೊಳಗೆ ಇಟ್ಟು ಅಂಚೆಗೆ ಹಾಕ್ತಿದ್ದರಂತೆ. ತಲುಪುವಾಗ ಬಾಡಿರ್ತದೆ. ಆದ್ರೂ ಊರಿನ ಮಣ್ಣಲ್ಲಿ ಬೆಳೆದದ್ದು ಅಲ್ವಾ?

ನಾವೂ ಹುತ್ತರಿಗೆ ಒಂದು ಕದಿರು ಇಟ್ಟು ಕಳಿಸುವಾ ಅಂದ್ರೆ ಆಗೋದಿಲ್ಲ. 2019ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟದ ದೇಶಗಳಿಗೆ ಬೀಜ, ಗಿಡ ಕಳಿಸಬೇಕಾದ್ರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದಕ್ಕೆ ದಪ್ಪ ಕಾಗದ ಮಡಚಿ, ನಾನೇ ಕದಿರಿನ ಚಿತ್ರ ಬರೆದು ಕಾರ್ಡ್ ಮಾಡಿದೆ.

ಇನ್ನೊಂದು ತೊಂದರೆ ದಿನದ್ದು. ಹುತ್ತರಿಯ ದಿನ ಗೊತ್ತಾಗೋದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ನೆರೆ ಕಟ್ಟಲಿಕ್ಕೆ, ಕದಿರು ತೆಗೆಯಲಿಕ್ಕೆ, ಊಟಕ್ಕೆ ಬೇರೆ ಬೇರೆ ಮುಹೂರ್ತ. ಅದೆಲ್ಲ ತಿಳಿದ ಮೇಲೆ ಅಂಚೆಗೆ ಹಾಕಿದ್ರೆ ಕಾರ್ಡ್ ತಲುಪುವಾಗ ಹಬ್ಬ ಮುಗಿದಿರ್ತದೆ. ಹಾಗಾಗಿ ದಿನದ ಜಾಗ ಖಾಲಿ ಬಿಟ್ಟು ಅಕ್ಟೋಬರಲ್ಲೇ ಕಳಿಸೋದು. ಮುಹೂರ್ತ ವಾಟ್ಸಾಪಲ್ಲಿ ತಿಳಿಸಿದ್ರೆ ಅವಳೇ ತುಂಬಿಸಿಕೊಳ್ತಾಳೆ.

ಕಷ್ಟ ಆದದ್ದು ಒಳಗೆ ಏನು ಬರೆಯೋದು ಅಂತ. ಅಕ್ಕನ ಮನೆಯ ಗದ್ದೆ ಎರಡು ವರ್ಷದಿಂದ ಪಾಳು ಬಿದ್ದಿದೆ. ನಾಟಿಗೆ ಆಳು ಸಿಗೋದಿಲ್ಲ, ಸಿಕ್ಕಿದ್ರೆ ಸಂಬಳ ಕೊಟ್ಟು ಪೂರೈಸೋದಿಲ್ಲ, ಬೆಳೆದದ್ದನ್ನು ಕಾಡುಹಂದಿ ಬಿಡೋದಿಲ್ಲ. ಕದಿರು ತೆಗೆಯೋದು ಕೆಳಗಿನ ಮನೆಯವರ ಗದ್ದೆಯಲ್ಲಿ. ಮಗಳಿಗೆ ಇದು ಗೊತ್ತಿಲ್ಲ. "ಅಷ್ಟು ದೂರ ಒಬ್ಬಳೇ ಇರ್ತಾಳೆ, ಯಾಕೆ ಹೇಳೋದು? ಎಲ್ಲ ಚೆನ್ನಾಗಿದೆ ಅಂತ ಬರೆ" ಅಂದಳು ಅಕ್ಕ.

ಅವ್ವ ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸ್ತಾ ಇದ್ದರು. "ಗದ್ದೆ ಅವಳದ್ದೂ ಹೌದಲ್ಲ? ನೆಂಟರಿಗೆ ಬರೆಯುವ ಹಾಗೆ ಅವಳಿಗೆ ಬರೆಯಬೇಡಿ" ಅಂದರು. ಅಕ್ಕ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪೆನ್ನು ತಗೊಂಡು, ಇದ್ದದ್ದು ಇದ್ದ ಹಾಗೆ ತಾನೇ ಬರೆದಳು. ನಾಲ್ಕೇ ಸಾಲು.

ಹುತ್ತರಿ ರಾತ್ರಿ "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತಂದು, ನೆರೆಯೊಟ್ಟಿಗೆ ಕಂಬಕ್ಕೆ, ಬಾಗಿಲಿಗೆ ಕಟ್ಟುವಾಗ ಅವಳ ಫೋನ್ ಬಂತು. ಅಳ್ತಾಳೆ ಅಂತ ಅಕ್ಕ ಹೆದರಿದ್ದಳು. ಅವಳು ಕೇಳಿದ್ದು ಒಂದೇ: "ಕೆಳಗಿನ ಮನೆಗೆ ತಂಬಿಟ್ಟು ಕಳಿಸಿದ್ದೀರಾ ಅವ್ವಾ? ಇಲ್ಲದಿದ್ರೆ ನಾಳೆ ನನ್ನ ಹೆಸರಲ್ಲಿ ಕೊಟ್ಟು ಬನ್ನಿ." ಮತ್ತೆ ಬಹಳ ಹೊತ್ತು ತಾಯಿ ಮಗಳು ಗದ್ದೆಯ ಮಾತೇ ಆಡಿದರು, ಒಂದು ಮಡಿಯಾದರೂ ನಾಟಿ ಮಾಡಿಸಲಿಕ್ಕೆ ಎಷ್ಟಾಗ್ತದೆ ಅಂತ. ಲೆಕ್ಕ ಇನ್ನೂ ಮುಗಿದಿಲ್ಲ.

ದೂರದಲ್ಲಿರುವ ಮಕ್ಕಳಿಗೆ ನೀವೂ ಕಾರ್ಡ್ ಹಾಕೋದಾದ್ರೆ, "ಹಾರ್ದಿಕ ಶುಭಾಶಯ" ಅಂತ ಮಾತ್ರ ಬರೆದು ಬಿಡಬೇಡಿ. ಈ ವರ್ಷ ಕದಿರು ಯಾರು ತೆಗೆದರು, ಯಾರ ಗದ್ದೆಯದ್ದು, ಪಾಯಸಕ್ಕೆ ಯಾರೆಲ್ಲ ಬಂದಿದ್ದರು, ಅದನ್ನೂ ಬರೆಯಿರಿ. ದಿನದ ಜಾಗ ಮಾತ್ರ ಖಾಲಿ ಇರಲಿ.