ಚಿತ್ರವೂ ಅದರ ವಿಳಾಸವೂ

ಹಲವು ವರ್ಷಗಳ ಹಿಂದೆ ನಾನು ಸಂಪಾದಿಸಿದ್ದ ಹಳಗನ್ನಡ ಕೃತಿಯೊಂದರ ಮರುಮುದ್ರಣಕ್ಕೆ ಈಚೆಗೆ ಸಿದ್ಧತೆ ನಡೆಯಿತು. ಮೊದಲ ಮುದ್ರಣದ ಇನ್‌ಡಿಸೈನ್ ಕಡತವನ್ನು ಜೋಪಾನವಾಗಿ ಇರಿಸಿಕೊಂಡಿದ್ದೆ. ಡಿಟಿಪಿ ಮಾಡುವ ಮಿತ್ರರು ಅದನ್ನು ತೆರೆದಾಗ ಓಲೆಗರಿಗಳ ಹನ್ನೆರಡು ಛಾಯಾಚಿತ್ರಗಳೂ ಯಥಾಸ್ಥಾನದಲ್ಲಿ ಕಂಡವು. ಆದರೆ ಲಿಂಕ್‌ಗಳ ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೂ ಕೆಂಪು ಪ್ರಶ್ನಾರ್ಥಕ ಚಿಹ್ನೆಯಿತ್ತು. ಕರಡು ತೆಗೆದರೆ ಗರಿಯ ಅಕ್ಷರಗಳೆಲ್ಲ ಮಸುಕು. ಳಕಾರ ಯಾವುದು, ೞಕಾರ ಯಾವುದು ಎಂದು ತಿಳಿಯದು.

ಕಾರಣ ಸರಳವಾದುದು. ಪುಟವಿನ್ಯಾಸದ ಕಡತದಲ್ಲಿ ಚಿತ್ರವನ್ನು ಎರಡು ಬಗೆಯಲ್ಲಿ ಇರಿಸಬಹುದು. ಎಂಬೆಡ್ ಮಾಡಿದರೆ ಚಿತ್ರವೇ ಒಳಗೆ ಸೇರುತ್ತದೆ. ಲಿಂಕ್ ಮಾಡಿದರೆ ಸೇರುವುದು ಅದರ ವಿಳಾಸ ಮತ್ತು ತೆರೆಗೆ ಸಾಕಾಗುವಷ್ಟು ತೆಳುವಾದ ಒಂದು ಪಡಿನೆರಳು ಮಾತ್ರ. ಅಚ್ಚಿಗೆ ಅಂಗುಲಕ್ಕೆ ಸುಮಾರು 300 ಬಿಂದುಗಳ ಸಾಂದ್ರತೆ ಬೇಕು. ಅದು ಮೂಲಚಿತ್ರದಿಂದಲೇ ಬರಬೇಕು. ಹಿಂದೆ ಪೇಜ್‌ಮೇಕರ್, ದೊಡ್ಡ ಚಿತ್ರವನ್ನು ತರುವಾಗ, ಪೂರ್ಣ ಪ್ರತಿಯನ್ನು ಒಳಗೆ ಸೇರಿಸಬೇಕೇ ಎಂದು ಕೇಳುತ್ತಿತ್ತು. ಕಡತ ಭಾರವಾದೀತೆಂದು ನಾವು ‘ಬೇಡ’ ಎನ್ನುತ್ತಿದ್ದೆವು. ಇನ್‌ಡಿಸೈನ್ ಕೇಳದೆಯೇ ಲಿಂಕ್ ಮಾಡುತ್ತದೆ.

ಲಿಂಕ್ ಮಾಡುವುದು ತಪ್ಪೆಂದು ನಾನು ಹೇಳಲಾರೆ. ಕಡತ ಹಗುರವಾಗಿರುತ್ತದೆ, ಮೂಲಚಿತ್ರವನ್ನು ತಿದ್ದಿದರೆ ಪುಟದಲ್ಲಿಯೂ ತಿದ್ದುಪಡಿಯನ್ನು ಸುಲಭವಾಗಿ ತಂದುಕೊಳ್ಳಬಹುದು. ತಪ್ಪು ನನ್ನದು. ಹಳೆಯ ಕಂಪ್ಯೂಟರನ್ನು ವಿಲೇವಾರಿ ಮಾಡುವಾಗ ಗ್ರಂಥವನ್ನು ಉಳಿಸಿಕೊಂಡೆನೆಂದು ಭಾವಿಸಿ, ಚಿತ್ರಗಳ ಫೋಲ್ಡರನ್ನು ಬಿಟ್ಟುಬಿಟ್ಟಿದ್ದೆ.

ಹುಡುಕಿದಾಗ ಒಂದು ಸಿ.ಡಿ.ಯಲ್ಲಿ ಹತ್ತು ಚಿತ್ರಗಳು ದೊರೆತವು. ದೊರೆಯದ ಎರಡರಲ್ಲಿ ಒಂದು, ಹಿಂದಿನ ಸಂಪಾದಕರ ಪಾಠವನ್ನು ಬಿಟ್ಟು ನಾನು ೞಕಾರವನ್ನು ಸ್ವೀಕರಿಸಿದ್ದ ಪದ್ಯದ ಗರಿ. ಆ ಗರಿಯನ್ನು ಮತ್ತೆ ನೋಡೋಣವೆಂದು ಹಸ್ತಪ್ರತಿಯಿದ್ದ ಮನೆಗೆ ಹೋದೆ. ತೇವ ತಗುಲಿ ಆ ಕಟ್ಟಿನ ಅಂಚಿನ ಗರಿಗಳು ಪುಡಿಯಾಗಿದ್ದವು. ಕೊನೆಗೆ ಮೊದಲ ಮುದ್ರಣದ ಪುಟವನ್ನೇ ಸ್ಕ್ಯಾನ್ ಮಾಡಿ ಹಾಕಿದೆವು. ಅಚ್ಚಿನ ಚುಕ್ಕೆಗಳ ನಡುವೆ ಆ ಅಕ್ಷರ ನನಗೆ ೞಕಾರವಾಗಿಯೇ ಕಾಣುತ್ತದೆ. ಒಪ್ಪದವರಿಗೆ ತೋರಿಸಲು ಬೇರೆ ಸಾಕ್ಷ್ಯವಿಲ್ಲ. ಅಡಿಟಿಪ್ಪಣಿಯಲ್ಲಿ ಅದನ್ನು ಹಾಗೆಯೇ ಬರೆದಿದ್ದೇನೆ.

ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಕೆಲಸ ನಡೆಯುವಾಗ ಲಿಂಕ್ ಇರಲಿ. ಮುಗಿದ ದಿನ ‘ಪ್ಯಾಕೇಜ್’ ಆಜ್ಞೆಯಿಂದ ಕಡತವನ್ನೂ ಚಿತ್ರಗಳನ್ನೂ ಒಂದೇ ಫೋಲ್ಡರಿಗೆ ತನ್ನಿರಿ. ಅಚ್ಚಿಗೆ ಹೋದ ಪಿಡಿಎಫ್‌ ಅನ್ನೂ ಜೊತೆಗಿರಿಸಿ, ಇನ್ನೊಂದು ಪ್ರತಿಯನ್ನು ಬೇರೆಡೆ ಕಾಪಾಡಿ. ಆಕರದ ವಿಳಾಸ ನಮ್ಮಲ್ಲಿದ್ದ ಮಾತ್ರಕ್ಕೆ ಆಕರವೂ ನಮ್ಮಲ್ಲಿದೆ ಎಂದಲ್ಲ.