ಹಳ್ಳ ಇಳಿಯುವವರೆಗೆ

ಸ್ಟ್ರಿಂಗರ್‌ಗಳಾದ ನಮಗೆ ಸುದ್ದಿ ಕಳಿಸದ ದಿನ ಸಂಭಾವನೆಯೂ ಇಲ್ಲ. ಹಾಗಾಗಿ ಜೂನ್ ಕೊನೆಯಲ್ಲಿ ಮನಾಲಿಯಲ್ಲಿ ಎರಡು ಎಕ್ಸ್‌ಪಲ್ಸ್ ಬೈಕ್ ಬಾಡಿಗೆಗೆ ಪಡೆದು, ಟೆಂಟ್ ಕಟ್ಟಿಕೊಂಡು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟ ನಮ್ಮಿಬ್ಬರಿಗೆ ಪ್ರತಿ ದಿನವೂ ಲೆಕ್ಕದ್ದೇ.

ಛತ್ರು ದಾಟಿದ ಮೇಲೆ ರಸ್ತೆ ಎಂದರೆ ಬರೀ ಕಲ್ಲು. ಅಲ್ಲಲ್ಲಿ ಹಳ್ಳಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಮೋಡವಿಲ್ಲ, ಮಳೆಯಿಲ್ಲ, ಆದರೂ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಹಳ್ಳ ಮೊಣಕಾಲುದ್ದ ಏರಿ, ಕಲ್ಲುಗಳನ್ನೇ ಉರುಳಿಸುತ್ತಿತ್ತು. ಆಚೆಯಿಂದ ಬಂದ ಲಾರಿ ಚಾಲಕ ಹಿಂದಿಯಲ್ಲಿ ಕೂಗಿ ಹೇಳಿದರು: “ಬಿಸಿಲಿಗೆ ಮೇಲೆ ಹಿಮ ಕರಗ್ತಿದೆ. ಬೆಳಿಗ್ಗೆ ದಾಟಿ.”

ಒಂದು ದಿನದ ದುಡಿಮೆ ಹೋಯಿತೆಂದು ಗೊಣಗುತ್ತಲೇ, ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಟೆಂಟ್ ಹಾಕಿದೆವು. ರಾತ್ರಿಯ ಚಳಿಗೆ ಹಿಮ ಕರಗುವುದು ತಗ್ಗಿ, ಬೆಳಿಗ್ಗೆ ಆರಕ್ಕೆ ನೀರು ಪಾದ ಮುಳುಗುವಷ್ಟಕ್ಕೆ ಇಳಿದಿತ್ತು. ಒಬ್ಬೊಬ್ಬರಾಗಿ, ಮೊದಲ ಗೇರಿನಲ್ಲಿ ನಿಧಾನ ದಾಟಿದೆವು.

4,500 ಮೀಟರಿಗೂ ಎತ್ತರದ ಕುಂಜುಮ್ ಪಾಸ್ ಹತ್ತಿ ಇಳಿದರೆ ಲೋಸರ್. ಮಳೆಯೇ ಅಪರೂಪವಾದ ಆ ಊರಿನಲ್ಲಿ ಬಟಾಣಿ, ಬಾರ್ಲಿ ಹೊಲಗಳು ಹಸಿರಾಗಿದ್ದವು. ರೈತ ಮಹಿಳೆಯೊಬ್ಬರು ಗುದ್ದಲಿಯಿಂದ ಮಣ್ಣು ಸರಿಸಿ ಕಾಲುವೆ ನೀರನ್ನು ಹೊಲಕ್ಕೆ ತಿರುಗಿಸುತ್ತಿದ್ದರು. ಆ ಕಾಲುವೆಗೆ ಅಲ್ಲಿ ‘ಕುಹ್ಲ್’ ಎನ್ನುತ್ತಾರೆ. ಅದರಲ್ಲಿ ಬರುವುದೂ ಹಿಮ ಕರಗಿದ ನೀರೇ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ ಬಟಾಣಿ ಕೈಗೆ ಸಿಗದು. “ಈ ಸಲ ನೀರು ಚೆನ್ನಾಗಿದೆ,” ಎಂದು ಅವರು ನಕ್ಕರು.

ನಮ್ಮ ದಾರಿ ತಡೆದ ಹಿಮದ ನೀರೇ ಅವರ ವರ್ಷದ ಅನ್ನ. ಕೆರೆ ಕೋಡಿ ಬಿದ್ದು ರಸ್ತೆ ಬಂದ್ ಆದರೂ ನಮ್ಮೂರಲ್ಲಿ ಖುಷಿಯಿಂದ ಬಾಗಿನ ಅರ್ಪಿಸುತ್ತಾರಲ್ಲ, ಅದು ನೆನಪಾಯಿತು. ಕಳೆದ ದಿನದ ದುಡಿಮೆಯ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಲಿಲ್ಲ.